ಖುಷಿಗಾಗಿ ಓದುವುದರಿಂದ ಬರವಣಿಗೆ ನಿಜವಾಗಿಯೂ ಸುಧಾರಿಸುತ್ತದೆಯೇ?

ಪ್ರಶ್ನೆ: ಬರೆಯಹೊರಟವಳು

ಎಲ್ಲರಿಗೂ ನಮಸ್ಕಾರ. ಬಹಳ ಕಾಲದಿಂದ ಮನಸ್ಸಿನಲ್ಲಿರುವ ಒಂದು ಪ್ರಶ್ನೆಯನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

ನಾನು ಕಥೆ, ಕಾದಂಬರಿ, ಪ್ರವಾಸಕಥನ, ಆತ್ಮಕಥೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಸ್ವಭಾವದವಳು. ಏನನ್ನಾದರೂ ಕಲಿಯಬೇಕೆಂಬ ಉದ್ದೇಶ ಆ ಓದಿಗೆ ಎಂದೂ ಇರಲಿಲ್ಲ. ಓದುವುದು ಹಿತವೆನಿಸುತ್ತದೆ, ಆದ್ದರಿಂದ ಓದುತ್ತೇನೆ. ಈಚೆಗೆ ನನಗೂ ಬರೆಯಬೇಕೆಂಬ ಆಸೆ ಬಲವಾಗಿದೆ. ಕಚೇರಿಯಲ್ಲಿ ವರದಿ, ಟಿಪ್ಪಣಿಗಳನ್ನು ಬರೆಯುವುದು ಹೇಗೂ ನನ್ನ ಪಾಲಿಗೆ ಬಂದಿರುವ ಕೆಲಸ. ಅದರ ಹೊರಗೆ, ತೋಚಿದ ವಿಷಯಗಳನ್ನು ಕುರಿತು ಚಿಕ್ಕ ಪ್ರಬಂಧಗಳನ್ನು ಬರೆಯತೊಡಗಿದ್ದೇನೆ. ಸಲಹೆ ಕೇಳಿದಾಗಲೆಲ್ಲ ಎಲ್ಲರೂ ಹೇಳುವುದು ಒಂದೇ ಮಾತು: ಚೆನ್ನಾಗಿ ಬರೆಯಬೇಕಾದರೆ ಹೆಚ್ಚು ಓದಬೇಕು.

ಈ ಮಾತನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಓದಿನಿಂದಲೇ ಬರವಣಿಗೆ ಸುಧಾರಿಸುತ್ತದೆಯೋ, ಅಥವಾ ಭಾಷೆಯ ಕಡೆಗೆ ಹುಟ್ಟಿನಿಂದಲೇ ಒಲವಿರುವವರು ಹೆಚ್ಚು ಓದುತ್ತಾರೆ ಮತ್ತು ಅವರೇ ಚೆನ್ನಾಗಿ ಬರೆಯುತ್ತಾರೆ ಎಂಬಷ್ಟೇ ಇದರ ಅರ್ಥವೋ ಎನ್ನುವುದು ನನಗೆ ಸ್ಪಷ್ಟವಾಗಿಲ್ಲ. ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಬರೆಯಬೇಕೆನ್ನುವವರು ಕೈಯಲ್ಲಿ ಪೆನ್ಸಿಲ್ ಹಿಡಿದು, ಒಳ್ಳೆಯ ವಾಕ್ಯಗಳ ಕೆಳಗೆ ಗೆರೆ ಎಳೆದು, ಲೇಖಕರು ಎಲ್ಲಿ ಏನು ಮಾಡಿದ್ದಾರೆಂದು ಬಿಡಿಸಿ ನೋಡುತ್ತ ಓದಬೇಕೆಂದು ಕೆಲವರು ಹೇಳುತ್ತಾರೆ. ಹಾಗೆ ಓದಲು ಹೊರಟರೆ ಓದಿನ ಸಂತೋಷವೇ ನನ್ನಿಂದ ದೂರವಾಗುತ್ತದೆ. ಕಥೆ ಮುಂದೆ ಹೋಗುವುದಿಲ್ಲ, ಪುಸ್ತಕ ಪರೀಕ್ಷೆಯ ಪಠ್ಯದಂತೆ ಭಾರವಾಗುತ್ತದೆ. ಹಾಗಿದ್ದರೆ ಇಷ್ಟು ವರ್ಷ ನಾನು ಸುಮ್ಮನೆ ಸಂತೋಷಕ್ಕಾಗಿ ಓದಿದ್ದು ಬರವಣಿಗೆಯ ಮಟ್ಟಿಗೆ ಲೆಕ್ಕಕ್ಕೆ ಬರುವುದಿಲ್ಲವೇ? ಓದಿದ್ದು ಒಳಗೆ ಎಲ್ಲೋ ಉಳಿದಿರಬೇಕೆಂದು ಅನಿಸುತ್ತದೆ, ಆದರೆ ಬರೆಯಲು ಕುಳಿತಾಗ ಅದು ಕೈಗೆ ಬರುವುದಿಲ್ಲ. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಪ್ರತಿಕ್ರಿಯೆ: ಹಳೆಯ ಮೇಷ್ಟ್ರು

ತಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ಭಾಷಾ ಶಿಕ್ಷಕನಾಗಿ ಕೆಲಸ ಮಾಡಿದವನಾದ್ದರಿಂದ ಇದಕ್ಕೆ ಉತ್ತರಿಸದೆ ಇರುವುದು ನನಗೆ ಸಾಧ್ಯವಿಲ್ಲ. ಮೊದಲಿಗೆ ನೇರವಾಗಿ ಹೇಳಿಬಿಡುತ್ತೇನೆ: ತಾವು ಸಂತೋಷಕ್ಕಾಗಿ ಓದಿದ್ದರಲ್ಲಿ ಒಂದು ಪುಟವೂ ವ್ಯರ್ಥವಾಗಿಲ್ಲ.

ನಾವು ಆಡುವ ಭಾಷೆಯೂ ಬರೆಯುವ ಭಾಷೆಯೂ ಒಂದೇ ಹೆಸರಿನಲ್ಲಿ ಕರೆಸಿಕೊಂಡರೂ ಅವುಗಳ ನಡುವಿನ ಅಂತರ ದೊಡ್ಡದು. ಮಾತಿನಲ್ಲಿ ನಾವು ಚಿಕ್ಕ ಚಿಕ್ಕ ತುಣುಕುಗಳಲ್ಲಿ ವ್ಯವಹರಿಸುತ್ತೇವೆ. ಎದುರಿಗಿರುವವರ ಮುಖ, ಕೈಸನ್ನೆ, ದನಿಯ ಏರಿಳಿತ ಉಳಿದ ಅರ್ಥವನ್ನು ತುಂಬಿಕೊಡುತ್ತವೆ. ಬರವಣಿಗೆಯಲ್ಲಿ ಇವೊಂದೂ ಇಲ್ಲ. ಒಂದು ಸಂಗತಿಗೆ ಇನ್ನೊಂದು ಸಂಗತಿ ಕಾರಣವೋ ಅಡ್ಡಿಯೋ, ಯಾವುದು ಮೊದಲು ನಡೆಯಿತು, ಯಾವುದರ ಮೇಲೆ ಒತ್ತು ಬೀಳಬೇಕು ಎಂಬುದನ್ನೆಲ್ಲ ವಾಕ್ಯವೇ ಹೊರಬೇಕಾಗುತ್ತದೆ. ಇಂತಹ ವಾಕ್ಯಗಳನ್ನು ನಾವು ದಿನನಿತ್ಯದ ಮಾತಿನಲ್ಲಿ ಕೇಳುವುದು ಅಪರೂಪ. ಅವು ಸಿಗುವುದು ಪುಸ್ತಕಗಳಲ್ಲಿ. ಪದಗಳ ವಿಷಯದಲ್ಲಿಯೂ ಹೀಗೆಯೇ. 1988ರಲ್ಲಿ ಡೊನಾಲ್ಡ್ ಹೇಯ್ಸ್ ಮತ್ತು ಮಾರ್ಗರೆಟ್ ಆರೆನ್ಸ್ ಇಂಗ್ಲಿಷ್ ಭಾಷೆಯ ಬಗೆಬಗೆಯ ಬರಹಗಳನ್ನೂ ಮಾತುಗಳನ್ನೂ ಎಣಿಸಿ ಹೋಲಿಸಿದರು. ಪದವೀಧರರು ತಮ್ಮೊಳಗೆ ಆಡುವ ಮಾತಿನಲ್ಲಿ ಸಾವಿರಕ್ಕೆ ಸುಮಾರು 17 ಅಪರೂಪದ ಪದಗಳಿದ್ದರೆ, ಮಕ್ಕಳ ಪುಸ್ತಕಗಳಲ್ಲಿ ಸಾವಿರಕ್ಕೆ ಸುಮಾರು 31 ಇದ್ದವು. ವಿದ್ಯಾವಂತರ ಸಂಭಾಷಣೆಗಿಂತ ಮಕ್ಕಳ ಕಥೆಪುಸ್ತಕ ಪದಗಳಲ್ಲಿ ಶ್ರೀಮಂತವಾಗಿದೆ ಎಂದರೆ, ಓದದವರು ಎಷ್ಟನ್ನು ಕಳೆದುಕೊಳ್ಳುತ್ತಿದ್ದಾರೆಂದು ಯೋಚಿಸಿ.

ಕನ್ನಡದಲ್ಲಿ ಕಾಗುಣಿತದ ಉದಾಹರಣೆಯನ್ನೇ ನೋಡಬಹುದು. ಮಾತಿನಲ್ಲಿ ಮಹಾಪ್ರಾಣಗಳು ಅನೇಕ ವೇಳೆ ಕೇಳಿಸುವುದೇ ಇಲ್ಲ, ಶಕಾರ ಷಕಾರಗಳ ವ್ಯತ್ಯಾಸವಂತೂ ಬಹುಮಟ್ಟಿಗೆ ಅಳಿದೇ ಹೋಗಿದೆ. ಕಿವಿಗೆ ಬೀಳದ ಈ ಭೇದಗಳನ್ನು ಕಣ್ಣೇ ಕಲಿಯಬೇಕು. ನನ್ನ ತರಗತಿಗಳಲ್ಲಿ ನಿಯಮಗಳನ್ನು ಬಾಯಿಪಾಠ ಮಾಡಿದ ಮಕ್ಕಳಿಗಿಂತ ಕಥೆ ಓದುವ ಮಕ್ಕಳು ಕಡಿಮೆ ತಪ್ಪು ಮಾಡುತ್ತಿದ್ದರು. ತಪ್ಪಾಗಿ ಬರೆದ ಪದವನ್ನು ಕಂಡರೆ ಏಕೆ ತಪ್ಪೆಂದು ಹೇಳಲು ತಿಳಿಯದಿದ್ದರೂ "ಇದು ಹೀಗಿರುವುದಿಲ್ಲ" ಎಂದು ಅವರಿಗೆ ಕೂಡಲೇ ತೋಚುತ್ತಿತ್ತು.

ಸಂತೋಷ ಏಕೆ ಮುಖ್ಯವೆಂಬ ಮಾತಿಗೆ ಬರುತ್ತೇನೆ. ಓದಿನಿಂದ ಸಿಗುವ ಕಲಿಕೆ ಒಂದೊಂದು ಸಲಕ್ಕೆ ಬಹಳ ಅಲ್ಪ. ವಿಲಿಯಂ ನ್ಯಾಗಿ, ರಿಚರ್ಡ್ ಆಂಡರ್ಸನ್ ಮತ್ತು ಪೆಟ್ರೀಷಿಯಾ ಹರ್ಮನ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲಾ ಮಕ್ಕಳು ಓದುವಾಗ ಎದುರಾದ ಒಂದು ಹೊಸ ಪದವನ್ನು ಒಂದೇ ಸಲಕ್ಕೆ ಕಲಿತುಕೊಳ್ಳುವ ಸಂಭವ ಸುಮಾರು ಇಪ್ಪತ್ತರಲ್ಲಿ ಒಂದು ಮಾತ್ರವೆಂದು ಕಂಡುಬಂದಿತು. ಇಷ್ಟು ಸಣ್ಣ ಪ್ರಮಾಣದಲ್ಲಿ ಸೇರುವುದು ದೊಡ್ಡದಾಗಬೇಕಾದರೆ ಓದು ವರ್ಷಗಟ್ಟಲೆ, ಸಾವಿರಾರು ಪುಟಗಳ ಮಟ್ಟಿಗೆ ನಡೆಯಬೇಕು. ಯಾರೂ ಬಲವಂತದಿಂದ ಅಷ್ಟು ಓದಲಾರರು. ಓದು ತಾನಾಗಿ ಮುಂದುವರಿಯುವಂತೆ ಮಾಡುವ ಶಕ್ತಿ ಸಂತೋಷವೊಂದಕ್ಕೇ ಇದೆ.

ತಮ್ಮ ಮೊದಲ ಸಂದೇಹಕ್ಕೆ ಸಂಬಂಧಿಸಿದಂತೆ ಫಿಜಿ ದ್ವೀಪಗಳಲ್ಲಿ ನಡೆದ ಒಂದು ಪ್ರಯೋಗವನ್ನು ನೆನೆಯಬೇಕು. ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಇದರ ಫಲಿತಾಂಶವನ್ನು 1983ರಲ್ಲಿ ಪ್ರಕಟಿಸಿದರು. ಪುಸ್ತಕಗಳೇ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಗ್ರಾಮೀಣ ಶಾಲೆಗಳಲ್ಲಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ 250 ಆಕರ್ಷಕ ಕಥೆಪುಸ್ತಕಗಳನ್ನು ಒದಗಿಸಲಾಯಿತು. ಬೇರೆ ಕೆಲವು ಶಾಲೆಗಳ ಮಕ್ಕಳು ಎಂದಿನಂತೆ ವಾಕ್ಯರಚನೆಯ ಅಭ್ಯಾಸಗಳನ್ನೇ ಮುಂದುವರಿಸಿದರು. ಎಂಟು ತಿಂಗಳಲ್ಲಿ ಕಥೆಪುಸ್ತಕದ ಮಕ್ಕಳು ಓದಿ ಗ್ರಹಿಸುವುದರಲ್ಲಿ ಸಾಮಾನ್ಯ ವೇಗದ ಎರಡರಷ್ಟು ಮುಂದೆ ಸಾಗಿದ್ದರು. ಇಪ್ಪತ್ತು ತಿಂಗಳ ಹೊತ್ತಿಗೆ ಆ ಪ್ರಗತಿ ಬರವಣಿಗೆಗೂ ಹಬ್ಬಿತ್ತು. ಬರವಣಿಗೆ ಕೊನೆಗೆ ಬಂದದ್ದನ್ನು ಗಮನಿಸಿ. ಬರೆಯುವಾಗ ಓದಿದ್ದು ಇನ್ನೂ ಕೈಗೆ ಬರುತ್ತಿಲ್ಲವೆಂದು ತಾವು ಧೈರ್ಯಗೆಡಬೇಕಾಗಿಲ್ಲ.

ಪ್ರತಿಕ್ರಿಯೆ: ಪುರಾವೆ ಬೇಕು

ಮೇಷ್ಟ್ರು ಹೇಳಿದ್ದರಲ್ಲಿ ಬಹುಪಾಲನ್ನು ನಾನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರ ಮೊದಲ ಸಂದೇಹ ಗಂಭೀರವಾದದ್ದು. ಅದನ್ನು ಇನ್ನಷ್ಟು ಎಚ್ಚರಿಕೆಯಿಂದ ನೋಡಬೇಕೆಂದು ನನ್ನ ಅಭಿಪ್ರಾಯ.

ಹೆಚ್ಚು ಓದುವವರು ಚೆನ್ನಾಗಿ ಬರೆಯುತ್ತಾರೆ ಎಂಬ ಸಂಬಂಧ ಮತ್ತೆ ಮತ್ತೆ ಕಂಡುಬಂದಿದೆ, ನಿಜ. ಆದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಅವಳಿ ಮಕ್ಕಳನ್ನು ಒಳಗೊಂಡ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಲ್ಸಿಯೆ ವಾನ್ ಬರ್ಗೆನ್ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡದ್ದು ಇದು: ಏಳು ವರ್ಷದ ಆಸುಪಾಸಿನ ಮಕ್ಕಳಲ್ಲಿ ಓದುವ ಸಾಮರ್ಥ್ಯ ಓದಿನ ಪ್ರಮಾಣವನ್ನು ನಿರ್ಧರಿಸುತ್ತಿತ್ತೇ ಹೊರತು, ಓದಿನ ಪ್ರಮಾಣ ಸಾಮರ್ಥ್ಯವನ್ನು ನಿರ್ಧರಿಸುತ್ತಿರಲಿಲ್ಲ. ಓದಲು ಬರುವ ಮಗುವಿಗೆ ಓದು ಹಿತವೆನಿಸುತ್ತದೆ, ಆದ್ದರಿಂದ ಅದು ಹೆಚ್ಚು ಓದುತ್ತದೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ನೀಡಿದ ವರದಿಯೂ, ತರಗತಿಯಲ್ಲಿ ಮಕ್ಕಳನ್ನು ತಮ್ಮಷ್ಟಕ್ಕೆ ಮೌನವಾಗಿ ಓದಲು ಬಿಡುವುದರಿಂದ ಓದಿನ ಸರಾಗತೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪ್ರಾಯೋಗಿಕ ಪುರಾವೆ ಸಿಗಲಿಲ್ಲವೆಂದು ಹೇಳಿತು. ಪ್ರಯೋಜನವೇ ಇಲ್ಲವೆಂದು ಸಮಿತಿ ಹೇಳಿರಲಿಲ್ಲ. ಪುರಾವೆ ಸಾಲದು ಎಂದಿತ್ತು. ಈ ಎರಡು ಮಾತುಗಳ ನಡುವಿನ ವ್ಯತ್ಯಾಸವನ್ನು ಮರೆತು ಆ ವರದಿಯ ಹೆಸರಿನಲ್ಲಿ ಶಾಲೆಗಳಿಂದ ಸ್ವತಂತ್ರ ಓದನ್ನು ತೆಗೆದುಹಾಕಿದರೆ ಅದು ನ್ಯಾಯವಲ್ಲವೆಂದೂ ಇಲ್ಲಿಯೇ ಸೇರಿಸುತ್ತೇನೆ.

ಇದರಿಂದ ನಿರಾಶೆಗೊಳ್ಳುವ ಅಗತ್ಯವಿಲ್ಲ, ಏಕೆಂದರೆ ಈ ಚಕ್ರ ಎರಡೂ ದಿಕ್ಕಿನಲ್ಲಿ ತಿರುಗುತ್ತದೆ ಎಂದು ನಂಬಲು ಕಾರಣವಿದೆ. ಸುಜಾನ್ ಮೋಲ್ ಮತ್ತು ಆಡ್ರಿಯಾನಾ ಬಸ್ 2011ರಲ್ಲಿ 99 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಭಾಷಾ ಸಾಮರ್ಥ್ಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಬಿಡುವಿನ ಓದಿನೊಂದಿಗೆ ಹೊಂದಿಕೊಂಡು ಬರುವ ಪಾಲು, ಶಾಲೆಗೆ ಸೇರುವ ಮೊದಲಿನ ವಯಸ್ಸಿನಲ್ಲಿ ಶೇಕಡಾ 12ರಷ್ಟಿದ್ದದ್ದು ಕಾಲೇಜಿನ ವಯಸ್ಸಿನಲ್ಲಿ ಶೇಕಡಾ 34ಕ್ಕೆ ಏರಿತ್ತು. ಹುಟ್ಟಿನ ಒಲವೊಂದೇ ಕಾರಣವಾಗಿದ್ದರೆ ಈ ಪಾಲು ವಯಸ್ಸಿನೊಂದಿಗೆ ಹೀಗೆ ಬೆಳೆಯುತ್ತ ಹೋಗುವುದನ್ನು ವಿವರಿಸುವುದು ಕಷ್ಟ. ಓದಬಲ್ಲವರು ಹೆಚ್ಚು ಓದುತ್ತಾರೆ, ಹೆಚ್ಚು ಓದಿದವರ ಸಾಮರ್ಥ್ಯ ಬೆಳೆಯುತ್ತದೆ, ಆಗ ಓದು ಇನ್ನೂ ಹಿತವಾಗುತ್ತದೆ. ಆ ಇಬ್ಬರು ಸಂಶೋಧಕರು ತಮ್ಮ ಫಲಿತಾಂಶವನ್ನು ಅರ್ಥೈಸಿದ್ದೂ ಹೀಗೆಯೇ. ಬರವಣಿಗೆಯ ಕುರಿತಾಗಿಯೇ ಹೇಳುವುದಾದರೆ, ಸ್ಟೀವ್ ಗ್ರಹಾಂ ಮತ್ತು ಸಂಗಡಿಗರು 2018ರಲ್ಲಿ ಪ್ರಯೋಗಗಳನ್ನು ಕಲೆಹಾಕಿ ನೋಡಿದಾಗ, ಓದುವುದನ್ನು ಕಲಿಸಿದರೂ, ವಿದ್ಯಾರ್ಥಿಗಳು ಪಠ್ಯಗಳೊಂದಿಗೆ ಕಳೆಯುವ ಸಮಯವನ್ನು ಹೆಚ್ಚಿಸಿದರೂ ಅವರ ಬರವಣಿಗೆಯ ಗುಣಮಟ್ಟ ಏರಿದ್ದು ಕಂಡುಬಂದಿತು.

ನಾನು ಒಪ್ಪದಿರುವುದು ಒಂದೇ ಅಂಶವನ್ನು. ಸ್ಟೀಫನ್ ಕ್ರಾಶೆನ್ ಎಂಬ ಭಾಷಾಶಾಸ್ತ್ರಜ್ಞರು ಬರವಣಿಗೆಯ ಶೈಲಿ ಬರೆಯುವುದರಿಂದ ಬರುವುದಿಲ್ಲ, ಓದುವುದರಿಂದಲೇ ಬರುತ್ತದೆ ಎಂದು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಮೇಷ್ಟ್ರ ಉತ್ತರದಲ್ಲಿ ಇದರ ಛಾಯೆ ಇದೆ. ಗುರುತಿಸುವುದು ಬೇರೆ, ಹೊಸದಾಗಿ ಕಟ್ಟುವುದು ಬೇರೆ. ಓದುವಾಗ ಸಾವಿರ ಪದಗಳನ್ನು ಗುರುತಿಸುವವರು ಬರೆಯುವಾಗ ಅವುಗಳಲ್ಲಿ ಒಂದು ಭಾಗವನ್ನು ಮಾತ್ರ ತಾವಾಗಿ ತಂದುಕೊಳ್ಳಬಲ್ಲರು. ಬರೆಯಲು ಕುಳಿತಾಗ ಓದಿದ್ದು ಕೈಗೆ ಬರುವುದಿಲ್ಲ ಎಂಬ ತಮ್ಮ ಅನುಭವಕ್ಕೆ ಇದೇ ಕಾರಣವಿರಬೇಕು. ಅದು ಕೈಗೆ ಬರಬೇಕಾದರೆ ಬರೆಯಲೇಬೇಕು, ಬರೆದದ್ದನ್ನು ತಿದ್ದಲೇಬೇಕು. ಓದಿನ ಸಂತೋಷ ಎಷ್ಟೇ ದೊಡ್ಡದಾದರೂ ಈ ಕೆಲಸವನ್ನು ಅದು ನಮ್ಮ ಪರವಾಗಿ ಮಾಡಿಕೊಡಲಾರದು.

ಬರೆಯಹೊರಟವಳು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಷ್ಟ್ರೇ, ಬರವಣಿಗೆ ಕೊನೆಗೆ ಬರುತ್ತದೆಂಬ ತಮ್ಮ ಮಾತು ನನಗೆ ತುಂಬ ಸಮಾಧಾನ ಕೊಟ್ಟಿತು. ಗುರುತಿಸುವುದಕ್ಕೂ ಕಟ್ಟುವುದಕ್ಕೂ ಇರುವ ಅಂತರವನ್ನು ತಿಳಿಸಿದವರಿಗೂ ಋಣಿಯಾಗಿದ್ದೇನೆ. ನನ್ನ ತೊಂದರೆಯನ್ನು ಇಷ್ಟು ಸ್ಪಷ್ಟವಾಗಿ ನಾನೇ ಹೇಳಲಾಗುತ್ತಿರಲಿಲ್ಲ. ಆದರೆ ಪೆನ್ಸಿಲ್ಲಿನ ಪ್ರಶ್ನೆ ಹಾಗೆಯೇ ಉಳಿಯಿತು. ಗುರುತಿಸುವ ಓದಿನಿಂದ ಕಟ್ಟುವ ಬರವಣಿಗೆಗೆ ದಾಟುವ ದಾರಿ, ಓದಿನ ಸಂತೋಷವನ್ನು ಬಲಿಕೊಡದೆಯೇ ಸಿಗಬಹುದೇ?

ಪ್ರತಿಕ್ರಿಯೆ: ಕರಡು ತಿದ್ದುವವಳು

ಸಿಗಬಹುದು ಎಂದೇ ನನ್ನ ದೃಢವಾದ ನಂಬಿಕೆ. ಇತರರು ಬರೆದದ್ದನ್ನು ಅಚ್ಚಿಗೆ ಸಿದ್ಧಪಡಿಸುವುದು ನನ್ನ ವೃತ್ತಿ. ಸಂತೋಷ ಮತ್ತು ಗಮನ ಒಂದಕ್ಕೊಂದು ವಿರೋಧಿಗಳೆಂದು ನಾವು ಊಹಿಸಿಕೊಂಡಿರುವುದರಿಂದಲೇ ತಮ್ಮ ಪ್ರಶ್ನೆ ಇಷ್ಟು ಕಠಿಣವಾಗಿ ಕಾಣುತ್ತಿದೆ. ಸಂತೋಷಕ್ಕಾಗಿ ಓದುವವರು ಮೈಮರೆತು ಪುಟಗಳ ಮೇಲೆ ಹಾರುತ್ತ ಹೋಗುತ್ತಾರೆ, ಕಲಿಯಲು ಓದುವವರು ನಿಧಾನವಾಗಿ ನೋಡುತ್ತಾರೆ ಎಂಬುದು ಸಾಮಾನ್ಯವಾದ ಕಲ್ಪನೆ. ದಕ್ಷಿಣ ಆಫ್ರಿಕದ ಮನಶ್ಶಾಸ್ತ್ರಜ್ಞ ವಿಕ್ಟರ್ ನೆಲ್ ಖುಷಿಗಾಗಿ ಓದುವ ಜನರನ್ನು ಅಭ್ಯಾಸಮಾಡಿ 1988ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ವ್ಯತಿರಿಕ್ತವಾಗಿದೆ. ತಮಗೆ ಅತ್ಯಂತ ಇಷ್ಟವಾದ ಪುಟಗಳಿಗೆ ಬಂದಾಗ ಆ ಓದುಗರ ವೇಗ ಇಳಿಯುತ್ತಿತ್ತು. ಯಾರೂ ಅವರಿಗೆ ನಿಧಾನವಾಗಿ ಓದಿರೆಂದು ಹೇಳಿರಲಿಲ್ಲ. ಒಳ್ಳೆಯದು ಎಲ್ಲಿದೆಯೋ ಅಲ್ಲಿ ನಿಲ್ಲುವಂತೆ ಸಂತೋಷವೇ ಅವರನ್ನು ಹಿಡಿದು ನಿಲ್ಲಿಸುತ್ತಿತ್ತು. ನನ್ನ ಮಟ್ಟಿಗೆ ಈ ಚರ್ಚೆಯ ತಿರುಳೆಲ್ಲ ಇದರಲ್ಲಿದೆ. ಗಮನವನ್ನು ಎಲ್ಲಿ ಕೊಡಬೇಕೆಂದು ನಮಗೆ ತೋರಿಸಿಕೊಡುವುದೇ ಸಂತೋಷ. ಪೆನ್ಸಿಲ್ ಹಿಡಿದು ಮೊದಲ ಪುಟದಿಂದಲೇ ಬೇಟೆಗೆ ಹೊರಟವರಿಗೆ ಈ ಮಾರ್ಗದರ್ಶನ ದೊರೆಯುವುದಿಲ್ಲ, ಏಕೆಂದರೆ ಅವರಿಗೆ ಎಲ್ಲ ವಾಕ್ಯಗಳೂ ಒಂದೇ ಬಗೆಯ ಪರೀಕ್ಷೆಯ ವಸ್ತುಗಳಾಗಿರುತ್ತವೆ.

ಆದ್ದರಿಂದ ಮೊದಲ ಓದಿನಲ್ಲಿ ಪೆನ್ಸಿಲನ್ನು ಮುಟ್ಟಬೇಡಿ. ಪುಸ್ತಕ ಮುಗಿದು ಕೆಲವು ದಿನ ಕಳೆದ ಮೇಲೆ, ಮನಸ್ಸು ತಾನಾಗಿ ಯಾವ ಭಾಗವನ್ನು ನೆನೆಯುತ್ತದೆಯೋ ಆ ಭಾಗಕ್ಕೆ ಮಾತ್ರ ಹಿಂತಿರುಗಿ. ಆಗ ಕಥೆ ಮುಂದೇನಾಗುವುದೋ ಎಂಬ ಕಾತರ ಇರುವುದಿಲ್ಲ. ಕಥೆಯಲ್ಲಿ ಏನು ನಡೆಯಿತು ಎಂಬುದಕ್ಕಿಂತ ಅದನ್ನು ಹೇಳಿದವರು ಯಾವುದನ್ನು ಮೊದಲು ಇಟ್ಟರು, ಯಾವುದನ್ನು ಹೇಳದೆ ಬಿಟ್ಟರು ಎಂಬುದು ಕಣ್ಣಿಗೆ ಬೀಳುತ್ತದೆ. ಸಾಹಿತ್ಯದ ಓದನ್ನು ಕುರಿತು ಬಹಳ ಚಿಂತಿಸಿದ ಲೂಯಿಸ್ ರೋಸೆನ್‌ಬ್ಲಾಟ್, ಮಾಹಿತಿಯನ್ನು ಎತ್ತಿಕೊಂಡು ಹೋಗಲು ಓದುವ ನಿಲುವನ್ನೂ ಓದುತ್ತಿರುವ ಗಳಿಗೆಯ ಅನುಭವಕ್ಕಾಗಿಯೇ ಓದುವ ನಿಲುವನ್ನೂ ಬೇರ್ಪಡಿಸಿ ತೋರಿಸಿದರು. ಒಂದೇ ಪುಸ್ತಕವನ್ನು ಈ ಎರಡು ನಿಲುವುಗಳಿಂದಲೂ ಓದಬಹುದು. ತಮಗೆ ತೊಂದರೆಯಾಗುತ್ತಿರುವುದು ಎರಡನ್ನೂ ಒಟ್ಟಿಗೆ ಮಾಡಲು ಹೊರಟಿದ್ದರಿಂದ ಎಂದು ನನಗೆ ತೋರುತ್ತದೆ.

ನನ್ನ ಮೇಜಿಗೆ ಬರುವ ಬರಹಗಳಲ್ಲಿ, ಬರೆದವರು ಸಂತೋಷಕ್ಕಾಗಿ ಓದುವವರೋ ಅಲ್ಲವೋ ಎಂಬುದು ಮೊದಲ ಪುಟದಲ್ಲಿಯೇ ಬಹುತೇಕ ತಿಳಿದುಬಿಡುತ್ತದೆ. ಪಾಂಡಿತ್ಯದಿಂದ ಅಲ್ಲ, ವಾಕ್ಯದ ನಡಿಗೆಯಿಂದ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ವಿಶೇಷಣವಾಗಿ ಬರುವುದೆಲ್ಲ, ಅದು ಎಷ್ಟೇ ಉದ್ದವಾಗಿರಲಿ, ನಾಮಪದಕ್ಕೆ ಮೊದಲೇ ಸಾಲುಗಟ್ಟಬೇಕು. ಹೀಗಾಗಿ ಉದ್ದನೆಯ ವಾಕ್ಯವನ್ನು ಬರೆಯುವವರು, ಕ್ರಿಯಾಪದ ಸಿಗುವ ತನಕ ಓದುಗರು ಎಷ್ಟು ಹೊರೆಯನ್ನು ಹೊತ್ತುಕೊಂಡು ಬರಬಲ್ಲರು ಎಂಬ ಅಂದಾಜನ್ನು ಇಟ್ಟುಕೊಂಡಿರಬೇಕು. ಕೃದಂತಗಳನ್ನು ಒಂದರ ಬೆನ್ನಿಗೆ ಒಂದು ಪೋಣಿಸಿ ಕರ್ತೃ ಯಾರೆಂಬುದೇ ಮರೆತುಹೋಗುವಂತೆ ಬರೆಯುವವರಿಗೆ ವ್ಯಾಕರಣ ತಿಳಿದಿರುತ್ತದೆ, ಆದರೆ ಈ ಅಂದಾಜು ಇರುವುದಿಲ್ಲ. ಎಲ್ಲಿ ವಾಕ್ಯವನ್ನು ಮುರಿದು ಪೂರ್ಣವಿರಾಮ ಇಡಬೇಕು, ಮೂರು ಉದ್ದದ ವಾಕ್ಯಗಳ ನಂತರ ನಾಲ್ಕು ಪದಗಳ ಒಂದು ವಾಕ್ಯ ಏಕೆ ಹಿತವಾಗುತ್ತದೆ ಎಂಬುದನ್ನು ನಿಯಮವಾಗಿ ಕಲಿಸುವುದು ಕಷ್ಟ. ಸಾವಿರಾರು ಸಲ ತಾವೇ ಓದುಗರಾಗಿ ಆ ಹೊರೆಯನ್ನು ಹೊತ್ತವರಿಗೆ ಅದು ಒಳಗಿನಿಂದ ತಿಳಿದಿರುತ್ತದೆ. ಇನ್ನೊಂದು ಗುರುತೂ ಇದೆ. ಆದೇಶ, ಸುತ್ತೋಲೆಗಳನ್ನು ಮಾತ್ರ ಓದುವವರ ಕೈಯಲ್ಲಿ ಕೆಲಸ ಮಾಡುವ ಮನುಷ್ಯನೇ ವಾಕ್ಯದಿಂದ ಕಾಣೆಯಾಗುತ್ತಾನೆ; ಎಲ್ಲವೂ "ಮಾಡಲ್ಪಟ್ಟಿರುತ್ತದೆ", "ಕ್ರಮ ಕೈಗೊಳ್ಳಲಾಗಿರುತ್ತದೆ". ಕಥೆ ಓದಿದವರು ಹೀಗೆ ಬರೆಯುವುದು ಕಡಿಮೆ, ಏಕೆಂದರೆ ಯಾರು ಏನು ಮಾಡಿದರು ಎಂಬುದು ತಿಳಿಯದಿದ್ದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ತಮ್ಮ ಕಚೇರಿಯ ವರದಿಗಳಿಗೂ ಕಾದಂಬರಿ ಓದು ಇಲ್ಲಿ ನೇರವಾಗಿ ನೆರವಾಗುತ್ತದೆ.

ಗುರುತಿಸುವುದರಿಂದ ಕಟ್ಟುವುದಕ್ಕೆ ದಾಟುವ ದಾರಿಯನ್ನು ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಹುಡುಗನಾಗಿದ್ದಾಗ ಅವರಿಗೆ 'ಸ್ಪೆಕ್ಟೇಟರ್' ಪತ್ರಿಕೆಯ ಒಂದು ಸಂಪುಟ ಸಿಕ್ಕಿತು. ಅದನ್ನು ಮತ್ತೆ ಮತ್ತೆ ಓದಿ ಬಹಳ ಆನಂದಪಟ್ಟರು. ಅವರೇ ಹೇಳುವಂತೆ ಆನಂದ ಮೊದಲು ಬಂತು, ಅನುಕರಿಸುವ ಆಸೆ ಆಮೇಲೆ. ಪ್ರಬಂಧದ ಪ್ರತಿಯೊಂದು ವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬದಿಗಿಟ್ಟು, ಆಮೇಲೆ ಪುಸ್ತಕ ನೋಡದೆ ಆ ಗುರುತುಗಳಿಂದಲೇ ಇಡೀ ಪ್ರಬಂಧವನ್ನು ತಮ್ಮ ಮಾತಿನಲ್ಲಿ ಬರೆದು, ಕೊನೆಗೆ ಮೂಲದೊಂದಿಗೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದರು. ಕೆಲವೊಮ್ಮೆ ಗುರುತುಗಳನ್ನು ಕಲಸಿ, ವಾರಗಳ ನಂತರ ಮತ್ತೆ ಸರಿಯಾದ ಕ್ರಮದಲ್ಲಿ ಜೋಡಿಸುತ್ತಿದ್ದರು. ವಿಚಾರಗಳನ್ನು ಹೊಂದಿಸುವ ವಿಧಾನವನ್ನು ಕಲಿಯಲು ಅವರು ಕಂಡುಕೊಂಡ ಉಪಾಯ ಅದು. ತಮಗೆ ತುಂಬ ಇಷ್ಟವಾದ ಒಂದೇ ಒಂದು ಪುಟವನ್ನು ಆಯ್ದುಕೊಂಡು ಹೀಗೆ ಮಾಡಿ ನೋಡಿ. ಮೂಲದ ಪಕ್ಕದಲ್ಲಿ ತಮ್ಮ ಪುಟವನ್ನು ಇಟ್ಟಾಗ, ಆ ಲೇಖಕರು ಎರಡು ಪದಗಳಲ್ಲಿ ಮುಗಿಸಿದ್ದಕ್ಕೆ ತಾವು ಎರಡು ಸಾಲು ಬಳಸಿರುವುದು ಕಾಣಿಸುತ್ತದೆ. ಒಮ್ಮೊಮ್ಮೆ ತಮ್ಮದೇ ಮೂಲಕ್ಕಿಂತ ಸ್ಪಷ್ಟವಾಗಿರುವುದೂ ಕಾಣಿಸುತ್ತದೆ. ಫ್ರಾಂಕ್ಲಿನ್ ಅವರಿಗೂ ಕೆಲವು ಚಿಕ್ಕ ವಿಷಯಗಳಲ್ಲಿ ಹಾಗೆ ಅನಿಸಿತ್ತಂತೆ, ಅದರಿಂದ ಅವರಿಗೆ ಉತ್ಸಾಹ ಬಂದಿತ್ತು. ಪೆನ್ಸಿಲ್ಲಿನಿಂದ ಗೆರೆ ಎಳೆಯುವವರು ಇನ್ನೂ ಗುರುತಿಸುವುದರಲ್ಲಿಯೇ ಇರುತ್ತಾರೆ, ಈ ಅಭ್ಯಾಸ ಮಾತ್ರ ಕಟ್ಟುವ ಕೆಲಸವನ್ನೇ ಮಾಡಿಸುತ್ತದೆ.

ನಮ್ಮ ಕಾವ್ಯಮೀಮಾಂಸೆಯೂ ಈ ಜಗಳವನ್ನು ಬಹಳ ಹಿಂದೆಯೇ ಬಗೆಹರಿಸಿದೆ ಎನ್ನಬೇಕು. ಹನ್ನೊಂದನೆಯ ಶತಮಾನದ ಮಮ್ಮಟ ಕಾವ್ಯ ಹುಟ್ಟುವುದಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ಶಕ್ತಿ ಎಂದರೆ ಹುಟ್ಟಿನಿಂದ ಬಂದ ಪ್ರತಿಭೆ. ನಿಪುಣತೆ ಬರುವುದು ಲೋಕವನ್ನೂ ಶಾಸ್ತ್ರಗಳನ್ನೂ ಹಿಂದಿನವರ ಕಾವ್ಯಗಳನ್ನೂ ಚೆನ್ನಾಗಿ ನೋಡುವುದರಿಂದ. ಅಭ್ಯಾಸ ನಡೆಯಬೇಕಾದದ್ದು ಕಾವ್ಯವನ್ನು ಬಲ್ಲವರ ಬಳಿಯಲ್ಲಿ. ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ಅವನು ಒತ್ತಿ ಹೇಳುತ್ತಾನೆ. ಮೇಷ್ಟ್ರು ಹೇಳಿದ ಓದೂ, ಪುರಾವೆ ಕೇಳಿದವರು ಹೇಳಿದ ಬರೆದು ತಿದ್ದುವ ಕೆಲಸವೂ, ತಾವು ಸಂದೇಹದಿಂದ ನೋಡಿದ ಹುಟ್ಟಿನ ಒಲವೂ ಇಲ್ಲಿ ಒಂದೇ ಸಾಲಿನಲ್ಲಿ ಕುಳಿತಿವೆ.

ಪ್ರತಿಕ್ರಿಯೆ: ವರದಿಗಾರ್ತಿ

ಎಲ್ಲರ ಮಾತುಗಳನ್ನೂ ಆಸಕ್ತಿಯಿಂದ ಓದಿದೆ. ಸೇರಿಸಬೇಕಾದದ್ದು ಸ್ವಲ್ಪವೇ. ಓದು ಬರವಣಿಗೆಗೆ ಒದಗುವುದು ಬಹುಮಟ್ಟಿಗೆ ಅದೇ ಪ್ರಕಾರದೊಳಗೆ. ಕಾದಂಬರಿಗಳಿಂದ ವಾಕ್ಯದ ಲಯ, ಸಂಭಾಷಣೆ, ದೃಶ್ಯ ಕಟ್ಟುವ ರೀತಿ ಬರುತ್ತವೆ. ಆದರೆ ವಾದವನ್ನು ಮಂಡಿಸುವುದು, ಎದುರು ವಾದಕ್ಕೆ ನ್ಯಾಯವಾಗಿ ಜಾಗ ಕೊಡುವುದು, ಒಂದು ಪ್ಯಾರಾದಿಂದ ಇನ್ನೊಂದಕ್ಕೆ ತರ್ಕವನ್ನು ಸಾಗಿಸುವುದು ಇವೆಲ್ಲ ಒಳ್ಳೆಯ ಪ್ರಬಂಧಗಳನ್ನು, ವೈಚಾರಿಕ ಬರಹಗಳನ್ನು ಓದಿದವರಿಗೇ ಹೆಚ್ಚು ಸುಲಭ. ಪ್ರಬಂಧಗಳನ್ನು ಬರೆಯಬೇಕೆಂದು ಹೇಳಿದ್ದೀರಿ, ಆದರೆ ತಾವು ಓದುವುದಾಗಿ ಹೇಳಿದ ಪಟ್ಟಿಯಲ್ಲಿ ಪ್ರಬಂಧ ಇಲ್ಲ. ಕರ್ತವ್ಯವೆಂದು ಅವುಗಳನ್ನು ಓದಿರೆಂದು ಹೇಳುತ್ತಿಲ್ಲ. ತಮಗೆ ಸಂತೋಷ ಕೊಡುವ ಪ್ರಬಂಧಕಾರರು ಎಲ್ಲೋ ಇದ್ದೇ ಇರುತ್ತಾರೆ, ಅವರು ಸಿಗುವ ತನಕ ಹುಡುಕಿ.

ಪ್ರತಿಕ್ರಿಯೆ: ಹಳೆಯ ಮೇಷ್ಟ್ರು

ಪುರಾವೆ ಕೇಳಿದವರ ಆಕ್ಷೇಪಣೆ ನ್ಯಾಯವಾದದ್ದು. ಬರೆಯದೆ ಬರವಣಿಗೆ ಬರುತ್ತದೆಂಬುದು ನನ್ನ ಅಭಿಪ್ರಾಯವೂ ಅಲ್ಲ. ಆದರೆ ತರಗತಿಯಲ್ಲಿ ನಾನು ಕಂಡ ಕೊರತೆ ಯಾವಾಗಲೂ ಇನ್ನೊಂದು ಕಡೆಯದಾಗಿತ್ತು. ಮಕ್ಕಳಿಂದ ಪ್ರಬಂಧಗಳನ್ನು ಬರೆಸುವುದರಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ. ಒಳಗೆ ಏನೂ ಸೇರದಿರುವಾಗ ಬರೆಸುತ್ತಿದ್ದೆವು. ಮಕ್ಕಳು ಮಾದರಿ ಪ್ರಬಂಧವನ್ನು ಕಂಠಪಾಠ ಮಾಡಿ ಒಪ್ಪಿಸುತ್ತಿದ್ದರು.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಕರಡು ತಿದ್ದುವವರು ಹೇಳಿದ ಮರುಓದನ್ನು ಸಾಧ್ಯವಾದರೆ ಗಟ್ಟಿಯಾಗಿ ಮಾಡಿ. ಮೌನವಾಗಿ ಓದುವಾಗ ಕಣ್ಣು ಪರಿಚಿತ ಪದಗಳನ್ನು ಹಾರಿಸಿಕೊಂಡು ಹೋಗುತ್ತದೆ. ಗಟ್ಟಿಯಾಗಿ ಓದಿದಾಗ ಪ್ರತಿಯೊಂದು ವಿಭಕ್ತಿಯೂ ನಾಲಿಗೆಯ ಮೇಲೆ ಹಾದುಹೋಗಬೇಕಾಗುತ್ತದೆ, ಉಸಿರು ಎಲ್ಲಿ ಸಾಲದೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ತಾವು ಬರೆದದ್ದನ್ನೂ ಹಾಗೆಯೇ ಓದಿಕೊಳ್ಳಿ. ಮತ್ತು ಇಷ್ಟವಾಗದ ಪುಸ್ತಕವನ್ನು, ಅದನ್ನು ಯಾರು ಎಷ್ಟೇ ಹೊಗಳಿರಲಿ, ಅರ್ಧಕ್ಕೆ ಮುಚ್ಚಿಡಲು ಸಂಕೋಚಪಡಬೇಡಿ. ಮುಗಿಸಲೇಬೇಕೆಂಬ ಹಟದಿಂದ ತಿಂಗಳುಗಟ್ಟಲೆ ಒಂದೇ ಪುಸ್ತಕವನ್ನು ಎಳೆದಾಡಿ, ಕೊನೆಗೆ ಓದುವುದನ್ನೇ ಬಿಟ್ಟುಬಿಟ್ಟವರನ್ನು ನಾನು ಬಲ್ಲೆ.